ಎಂಟು ಲಕ್ಷದ ಗೆರೆ: ಹಳೆಯ ಬೇಟೆ ರೈಫಲಿನ ಮೂಲ ಪತ್ತೆಯೂ ಹ್ಯಾಚರ್ ಪುಸ್ತಕವೂ

ಯಂತ್ರವೊಂದರ ಮೇಲೆ ಒತ್ತಿದ ಸಂಖ್ಯೆಯಿಂದ ಆ ಯಂತ್ರದ ಬಗ್ಗೆ ಎಷ್ಟನ್ನು ತಿಳಿಯಬಹುದು? ಕೈಗಡಿಯಾರ, ಹೊಲಿಗೆ ಯಂತ್ರ, ಪ್ರಯೋಗಾಲಯದ ಸೂಕ್ಷ್ಮದರ್ಶಕ ಇವೆಲ್ಲಕ್ಕೂ ತಯಾರಿಕೆಯ ಕ್ರಮಸಂಖ್ಯೆ ಇರುತ್ತದೆ. ಅದನ್ನು ನೋಡಿ ಯಾವ ಕಾರ್ಖಾನೆ, ಯಾವ ವರ್ಷ ಎಂದು ಹೇಳಿಬಿಡುತ್ತೇವೆ. ಆದರೆ ಅದರೊಳಗಿನ ಲೋಹ ಹೇಗಿದೆ ಎಂದು ಹೇಳಬಹುದೇ? ಈ ಪ್ರಶ್ನೆ ಅಮೆರಿಕದಲ್ಲಿ ಒಂದು ನಿರ್ದಿಷ್ಟ ವಸ್ತುವಿನ ಸುತ್ತ ಸುಮಾರು ನೂರು ವರ್ಷಗಳಿಂದ ಚರ್ಚೆಯಾಗುತ್ತಿದೆ. ಆ ವಸ್ತು 1903ರ ಮಾದರಿಯ ಸ್ಪ್ರಿಂಗ್‌ಫೀಲ್ಡ್ ರೈಫಲ್. ಸೇನೆ ಕೈಬಿಟ್ಟ ಈ ರೈಫಲುಗಳನ್ನು ಕೊಂಡು, ಕತ್ತರಿಸಿ, ಉಜ್ಜಿ, ಬೇಟೆಗೆ ಒಗ್ಗಿಸಿಕೊಂಡವರು ಬಹಳ ಮಂದಿ. ಅಂಥ ಒಂದು ಹಳೆಯ ರೈಫಲ್ ಅಜ್ಜನ ಪೆಟ್ಟಿಗೆಯಿಂದ ಮೊಮ್ಮಗನ ಕೈಗೆ ಬಂದಾಗ ಏಳುವ ಮೊದಲ ಪ್ರಶ್ನೆ, 'ಇದು ಎಲ್ಲಿಯದು?'. ಎರಡನೆಯದು, 'ಇದನ್ನು ಹಾರಿಸಬಹುದೇ?'.

ಎರಡನೆಯ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ಹೋಗುವುದು ಕಣ್ಣು. ಹೀಗಾಗಿ ಮೂಲ ಪತ್ತೆ ಎಂಬುದು ಹಳೆಯ ವಸ್ತು ಸಂಗ್ರಹಿಸುವವರ ಹವ್ಯಾಸವಷ್ಟೇ ಅಲ್ಲ. ಈ ವಿಷಯದಲ್ಲಿ ಎಲ್ಲರೂ ಕೊನೆಗೆ ತೆರೆದು ನೋಡುವ ಪುಸ್ತಕ ಒಂದಿದೆ. ಅಮೆರಿಕ ಸೇನೆಯ ಶಸ್ತ್ರಾಸ್ತ್ರ ವಿಭಾಗದಲ್ಲಿ ದುಡಿದು ಮೇಜರ್ ಜನರಲ್ ಆದ ಜೂಲಿಯನ್ ಹ್ಯಾಚರ್ ಬರೆದು 1947ರಲ್ಲಿ ಪ್ರಕಟಿಸಿದ 'ಹ್ಯಾಚರ್ಸ್ ನೋಟ್‌ಬುಕ್'. ಆ ಪುಸ್ತಕ ಏನು ಹೇಳುತ್ತದೆ, ಓದುಗರು ಅದರಿಂದ ಏನನ್ನು ಹೊರಡಿಸಿಕೊಂಡರು, ಇವೆರಡರ ನಡುವೆ ಎಷ್ಟು ಅಂತರವಿದೆ ಎಂಬುದನ್ನು ಭೌತವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಸೇನೆಯಿಂದ ಬೇಟೆಗೆ

1903ರಲ್ಲಿ ಅಮೆರಿಕದ ಸೇನೆ ಅಂಗೀಕರಿಸಿದ ಈ ರೈಫಲ್ ಜರ್ಮನಿಯ ಮೌಸರ್ ವಿನ್ಯಾಸವನ್ನು ಬಹುಮಟ್ಟಿಗೆ ಅನುಸರಿಸಿತ್ತು. ಮೌಸರ್ ಕಂಪನಿಗೆ ಅಮೆರಿಕ ಸರ್ಕಾರ ಗೌರವಧನ ಕೊಡಬೇಕಾಯಿತು. ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರ ಮತ್ತು ಇಲಿನಾಯ್ ರಾಜ್ಯದ ರಾಕ್ ಐಲೆಂಡ್ ಶಸ್ತ್ರಾಗಾರ ಎಂಬ ಎರಡು ಸರ್ಕಾರಿ ಕಾರ್ಖಾನೆಗಳಲ್ಲಿ ಅದು ತಯಾರಾಯಿತು. 1906ರಲ್ಲಿ ಅದರ ತೋಟಾ ಬದಲಾಯಿತು. ಬೇಟೆಗಾರರು ಇಂದಿಗೂ 'ಥರ್ಟಿ ಆಟ್ ಸಿಕ್ಸ್' ಎನ್ನುವುದು ಆ ತೋಟಾವನ್ನೇ.

ಇದನ್ನು ಬೇಟೆಗೆ ಮಾರ್ಪಡಿಸುವ ಅಭ್ಯಾಸ ಬೇಗನೆ ಶುರುವಾಯಿತು. ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾ ಪ್ರವಾಸಕ್ಕೆ ಹೋದಾಗ ಒಯ್ದ ರೈಫಲುಗಳಲ್ಲಿ ಬೇಟೆಗೆ ಒಗ್ಗಿಸಿದ ಸ್ಪ್ರಿಂಗ್‌ಫೀಲ್ಡ್ ಒಂದಿತ್ತು. ಎರಡು ಮಹಾಯುದ್ಧಗಳ ನಡುವೆ ಹಾಗೂ ಆಮೇಲೆ ಸರ್ಕಾರವೇ ಗುರಿಕಾರಿಕೆಯ ಸಂಘಗಳ ಸದಸ್ಯರಿಗೆ ಇವನ್ನು ಕಡಮೆ ಬೆಲೆಗೆ ಮಾರಿತು. 1923ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಗ್ರಿಫಿನ್ ಅಂಡ್ ಹೋ ಸಂಸ್ಥೆಯಂಥ ಕುಶಲಿಗಳು ಇವಕ್ಕೆ ಆಕ್ರೋಟು ಮರದ ಹೊಸ ಹಿಡಿ ತೊಡಿಸಿ ದುಬಾರಿ ಬೇಟೆ ರೈಫಲುಗಳನ್ನಾಗಿಸಿದರು. ಮನೆಯ ಹಿತ್ತಲಲ್ಲಿ ಗರಗಸ, ಅರ ಹಿಡಿದು ಅದೇ ಕೆಲಸ ಮಾಡಿಕೊಂಡವರಿಗೆ ಲೆಕ್ಕವಿಲ್ಲ.

ಗುರುತುಗಳು ಎಲ್ಲಿರುತ್ತವೆ, ಎಲ್ಲಿ ಅಳಿಯುತ್ತವೆ

ರೈಫಲಿನ ಹೃದಯ ಅದರ 'ರಿಸೀವರ್' ಎಂಬ ಉಕ್ಕಿನ ಚೌಕಟ್ಟು. ಮುಂದೆ ನಳಿಗೆ ಇದಕ್ಕೆ ತಿರುಪಿನಿಂದ ಕೂರುತ್ತದೆ. ಹಿಂದಿನಿಂದ 'ಬೋಲ್ಟ್' ಎಂಬ ಉಕ್ಕಿನ ದಂಡ ಇದರೊಳಗೆ ಜಾರಿ, ತಿರುಗಿ, ಬೀಗದಂತೆ ಭದ್ರವಾಗುತ್ತದೆ. ಸ್ಪ್ರಿಂಗ್‌ಫೀಲ್ಡ್ ರೈಫಲಿನಲ್ಲಿ ಕಾರ್ಖಾನೆಯ ಹೆಸರು, ಮಾದರಿ ಮತ್ತು ಕ್ರಮಸಂಖ್ಯೆ ರಿಸೀವರ್‌ನ ಮುಂದಿನ ಉಂಗುರದ ಮೇಲಿರುತ್ತವೆ. ನಳಿಗೆಯ ಬಾಯಿಯ ಹತ್ತಿರ, ಮುಂದಿನ ಸೈಟಿನ ಹಿಂದೆ, ತಯಾರಕರ ಚಿಕ್ಕ ಅಕ್ಷರಗಳು, ಉರಿಯುವ ಗುಂಡಿನ ಮುದ್ರೆ, ತಿಂಗಳು ಮತ್ತು ವರ್ಷ ಇರುತ್ತವೆ.

ಈಗ ಮಾರ್ಪಾಡಿನ ಪರಿಣಾಮ ನೋಡಿ. ಮೂಲ ನಳಿಗೆಯ ಉದ್ದ 24 ಅಂಗುಲ. ಕಾಡಿನಲ್ಲಿ ಹಿಡಿದು ಓಡಾಡಲು ಸಲೀಸಾಗಲಿ ಎಂದು ಬಾಯಿಯ ಕಡೆಯಿಂದ ಎರಡಂಗುಲ ಕತ್ತರಿಸಿದರೆ ಸಾಕು, ತಯಾರಾದ ತಿಂಗಳು, ವರ್ಷದ ಸಾಕ್ಷ್ಯ ಕತ್ತರಿಸಿದ ತುಂಡಿನೊಡನೆ ಕಸಕ್ಕೆ ಹೋಗುತ್ತದೆ. ದೂರದರ್ಶಕ ಕೂರಿಸಲು ರಿಸೀವರ್‌ನ ಉಂಗುರಕ್ಕೆ ರಂಧ್ರ ಕೊರೆದರೆ ಅಕ್ಷರಗಳೂ ಅಂಕಿಗಳೂ ಹಾಳಾಗುತ್ತವೆ. ಹೊಳಪು ಬರಲೆಂದು ಉಜ್ಜಿದರೆ ಉಳಿದವೂ ಮಾಸುತ್ತವೆ. ಇನ್ನು ಬೋಲ್ಟ್. ಅಮೆರಿಕದ ಕಾರ್ಖಾನೆಗಳು ಬೋಲ್ಟಿನ ಮೇಲೆ ರೈಫಲಿನ ಸಂಖ್ಯೆಯನ್ನು ಒತ್ತುತ್ತಿರಲಿಲ್ಲ. ಹಳೆಯ ಬೋಲ್ಟಿನ ಹಿಡಿ ನೇರ, 1918ರ ನಂತರದ್ದು ತುಸು ಹಿಂದಕ್ಕೆ ಬಾಗಿದ್ದು ಎಂಬ ವ್ಯತ್ಯಾಸವೊಂದಿದೆ. ಆದರೆ ದೂರದರ್ಶಕಕ್ಕೆ ತಾಗದಿರಲಿ ಎಂದು ಬೇಟೆಗಾರ ಅದನ್ನು ಕಾಯಿಸಿ ಬಗ್ಗಿಸಿದ್ದರೆ ಆ ಗುರುತೂ ಹೋಯಿತು.

ಉಳಿದ ಅಂಕಿಯನ್ನು ಓದುವುದರಲ್ಲೂ ಎಚ್ಚರ ಬೇಕು. ಎರಡನೆಯ ಮಹಾಯುದ್ಧ ಕಾಲದ ಜರ್ಮನ್ ಮೌಸರ್ ರೈಫಲಿನ ಉದಾಹರಣೆ ತೆಗೆದುಕೊಳ್ಳಿ. ಅಲ್ಲಿ ಪ್ರತಿ ಕಾರ್ಖಾನೆಯೂ ಪ್ರತಿ ವರ್ಷ ಒಂದರಿಂದ ಹತ್ತು ಸಾವಿರದವರೆಗೆ ಎಣಿಸಿ, ಅನಂತರ ಒಂದು ಅಕ್ಷರ ಸೇರಿಸಿ ಮತ್ತೆ ಒಂದರಿಂದ ಆರಂಭಿಸುತ್ತಿತ್ತು. ಅಂದರೆ 4321 ಎಂಬ ಸಂಖ್ಯೆಯ ರೈಫಲ್ ಒಂದೇ ಕಾರ್ಖಾನೆಯಿಂದ ಒಂದೇ ವರ್ಷದಲ್ಲಿ ಹಲವು ಬಂದಿರಬಹುದು. ಕಾರ್ಖಾನೆಯ ಸಂಕೇತ, ವರ್ಷ, ಅಕ್ಷರ, ಸಂಖ್ಯೆ ಈ ನಾಲ್ಕೂ ಸೇರಿದರೆ ಮಾತ್ರ ಗುರುತು ಪೂರ್ಣ. ಉದಾಹರಣೆಗೆ 'ಬಿ-ವೈ-ಎಫ್ 43' ಎಂದಿದ್ದರೆ ಓಬರ್ನ್‌ಡಾರ್ಫಿನ ಮೌಸರ್ ಕಾರ್ಖಾನೆ, 1943. ಉಜ್ಜುವಾಗ ಅಕ್ಷರ ಅಳಿಸಿಹೋಗಿದ್ದರೆ ಸಂಖ್ಯೆ ಇದ್ದೂ ಇಲ್ಲದಂತೆಯೇ.

ಅಳಿಸಿದ ಅಂಕಿ ಪೂರ್ತಿ ಹೋಯಿತೆಂದೇನೂ ಅಲ್ಲ. ಅಚ್ಚೊತ್ತುವಾಗ ಅಂಕಿಯ ತಳದಲ್ಲಿ, ಕಣ್ಣಿಗೆ ಕಾಣುವ ಗುಳಿಗಿಂತ ಆಳದವರೆಗೆ, ಲೋಹದ ಹರಳುಗಳು ನಲುಗಿರುತ್ತವೆ. ಮೇಲ್ಮೈಯನ್ನು ಗುಳಿಯ ಆಳದವರೆಗೆ ಉಜ್ಜಿದರೂ ನಲುಗಿದ ಪದರ ಉಳಿದಿರುತ್ತದೆ. ತಾಮ್ರದ ಕ್ಲೋರೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಬೆರೆತ ಫ್ರೈ ದ್ರಾವಣವನ್ನು ಹಚ್ಚಿದರೆ ನಲುಗಿದ ಭಾಗದ ಮೇಲೆ ಅದು ಬೇರೆ ರೀತಿ ವರ್ತಿಸುವುದರಿಂದ ಅಂಕಿ ಮಸುಕಾಗಿ ಮೇಲೇಳುತ್ತದೆ. ನ್ಯಾಯವಿಜ್ಞಾನ ಪ್ರಯೋಗಾಲಯಗಳ ಈ ವಿಧಾನ ಹಳೆಯದು, ನಂಬಲರ್ಹವಾದುದು.

ಹ್ಯಾಚರ್ ಹೇಳುವುದೇನು

1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ಕೆಲವು ಸ್ಪ್ರಿಂಗ್‌ಫೀಲ್ಡ್ ರೈಫಲುಗಳು ಹಾರಿಸುವವರ ಮುಖದ ಮುಂದೆಯೇ ಸಿಡಿದವು. ತೋಟಾಗಳ ಹಿತ್ತಾಳೆ ಕೋಶ ಮೃದುವಾಗಿತ್ತು ಎಂಬುದು ಒಂದು ಕಾರಣ. ಆದರೆ ತನಿಖೆ ಅಷ್ಟಕ್ಕೇ ನಿಲ್ಲದೆ ರಿಸೀವರ್‌ನ ಉಕ್ಕಿನ ಕಡೆಗೆ ತಿರುಗಿತು. ರಿಸೀವರ್‌ಗಳನ್ನು ಕಡಮೆ ಇಂಗಾಲದ ಉಕ್ಕಿನಿಂದ ಬಡಿದು ರೂಪಿಸಿ, ಇಂಗಾಲದ ಪುಡಿಯಲ್ಲಿ ಹೂತು ಕಾಯಿಸಿ, ಎಣ್ಣೆಯಲ್ಲಿ ತಣಿಸುತ್ತಿದ್ದರು. ಹೊರಪದರ ಗಡಸಾಗಿ ಒಳಗಿನ ಉಕ್ಕು ಮೆತ್ತಗೆ ಉಳಿಯಲಿ ಎಂಬುದು ಉದ್ದೇಶ. ಕುಲುಮೆಯ ತಾಪವನ್ನು ಅಳೆಯಲು ಉಪಕರಣ ಇರಲಿಲ್ಲ. ಅನುಭವಿ ಕೆಲಸಗಾರರು ಕಾದ ಉಕ್ಕಿನ ಬಣ್ಣ ನೋಡಿ ನಿರ್ಧರಿಸುತ್ತಿದ್ದರು. ಬಿಸಿಲು ಚೆನ್ನಾಗಿದ್ದ ದಿನ ಅವರ ಕಣ್ಣಿಗೆ 'ಸರಿ' ಎನಿಸಿದ ತಾಪ ಮೋಡ ಕವಿದ ದಿನದ್ದಕ್ಕಿಂತ 300 ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಹೆಚ್ಚಿರುತ್ತಿತ್ತು ಎಂದು ಪತ್ತೆಯಾಯಿತು ಎನ್ನುತ್ತಾರೆ ಹ್ಯಾಚರ್. ಹೀಗೆ ಅತಿಯಾಗಿ ಕಾದ ಉಕ್ಕು ಪೆಡಸಾಗಿ, ಸುತ್ತಿಗೆಯ ಪೆಟ್ಟಿಗೆ ಗಾಜಿನಂತೆ ಒಡೆಯುತ್ತಿತ್ತು.

ಪರಿಹಾರ 1918ರಲ್ಲಿ ಬಂತು. ತಾಪಮಾಪಕಗಳನ್ನು ಅಳವಡಿಸಿದರು. ಉಷ್ಣೋಪಚಾರವನ್ನು (ಕಮ್ಮಾರರು ಹದ ಕೊಡುವುದು ಎನ್ನುವುದನ್ನೇ) ಎರಡು ಹಂತಗಳಲ್ಲಿ ಮಾಡತೊಡಗಿದರು. ಸ್ಪ್ರಿಂಗ್‌ಫೀಲ್ಡಿನಲ್ಲಿ ಇದು ಸುಮಾರು 8,00,000ನೆಯ ಸಂಖ್ಯೆಯಿಂದ, ರಾಕ್ ಐಲೆಂಡಿನಲ್ಲಿ 2,85,507ರಿಂದ ಆರಂಭ. ಮುಂದೆ ಸ್ಪ್ರಿಂಗ್‌ಫೀಲ್ಡಿನಲ್ಲಿ ಸುಮಾರು 12,75,000ದ ಆಚೆಗೆ ನಿಕಲ್ ಉಕ್ಕು ಬಂತು. ಈ ಸಂಖ್ಯೆಗಳಿಗಿಂತ ಕೆಳಗಿನವು 'ಕೆಳ ಸಂಖ್ಯೆಯವು' ಎಂದು ಹೆಸರಾದವು. 1920ರ ದಶಕದ ಕೊನೆಯಲ್ಲಿ ಇವನ್ನೆಲ್ಲ ಹಿಂತೆಗೆದುಕೊಳ್ಳಬೇಕೆಂಬ ಶಿಫಾರಸು ಬಂದರೂ ಸೇನೆ ಹಾಗೆ ಮಾಡಲಿಲ್ಲ. ದುರಸ್ತಿಗೆ ಬಂದಾಗ ಮಾತ್ರ ರಿಸೀವರ್ ಬದಲಿಸುವುದೆಂದು ತೀರ್ಮಾನಿಸಿತು.

ಹ್ಯಾಚರ್ ಅಳತೆಯಲ್ಲಿ ನಂಬಿಕೆ ಇಟ್ಟ ಮನುಷ್ಯ. ನೇರ ಮೇಲಕ್ಕೆ ಹಾರಿಸಿದ ಗುಂಡು ಕೆಳಗೆ ಬೀಳುವಾಗ ಎಷ್ಟು ವೇಗದಲ್ಲಿರುತ್ತದೆ ಎಂಬ ಪ್ರಶ್ನೆಗೆ ಫ್ಲಾರಿಡಾದಲ್ಲಿ ನಡೆದ ಪ್ರಯೋಗಗಳನ್ನು ಅವರು ಇದೇ ಪುಸ್ತಕದಲ್ಲಿ ವಿವರಿಸುತ್ತಾರೆ. ಗಾಳಿಯ ತಡೆಯಿಂದಾಗಿ ಆ ವೇಗ ಸೆಕೆಂಡಿಗೆ ಸುಮಾರು 300 ಅಡಿಗೆ ಇಳಿಯುತ್ತದೆ ಎಂಬ ಫಲಿತಾಂಶ ಭೌತವಿಜ್ಞಾನದ ಉಪಾಧ್ಯಾಯರಿಗೆ ಇಂದಿಗೂ ಪಾಠದ ವಸ್ತು. ಸಿಡಿದ ರೈಫಲುಗಳ ವಿಷಯದಲ್ಲೂ ಅವರು ಗಾಳಿಮಾತು ಬರೆಯದೆ ಸಂಖ್ಯೆ, ದಿನಾಂಕ, ತೋಟಾದ ಮೂಲ, ಗಾಯದ ವಿವರ ಕೊಟ್ಟು ಪಟ್ಟಿ ಮಾಡಿದ್ದಾರೆ. ಇಂಥ ಪುಸ್ತಕವನ್ನು ಗೌರವದಿಂದಲೇ ಪ್ರಶ್ನಿಸಬೇಕು.

ಬಿಸಿಲು, ಮೋಡ ಮತ್ತು ಕಣ್ಣು

ಮೊದಲು 300 ಡಿಗ್ರಿಯ ಮಾತು. ಫ್ಯಾರನ್‌ಹೀಟ್‌ನ 300 ಡಿಗ್ರಿ ಅಂತರ ಎಂದರೆ ಸೆಲ್ಸಿಯಸ್‌ನಲ್ಲಿ ಸುಮಾರು 167. ಅನುಭವಿ ಕಮ್ಮಾರನ ಕಣ್ಣು ಇಷ್ಟು ತಪ್ಪುವುದು ಸಾಧ್ಯವೇ? ಹ್ಯಾಚರ್ ಇದನ್ನು ವರದಿ ಮಾಡುತ್ತಾರೆಯೇ ಹೊರತು ಕಾರಣಕ್ಕೆ ಇಳಿಯುವುದಿಲ್ಲ. ನಾವು ಲೆಕ್ಕ ಹಾಕಿ ನೋಡೋಣ.

ಉಕ್ಕು 1300 ಕೆಲ್ವಿನ್ (ಸುಮಾರು 1027 ಡಿಗ್ರಿ ಸೆಲ್ಸಿಯಸ್) ತಾಪದಲ್ಲಿದೆ ಎನ್ನಿ. ವೀನ್ ನಿಯಮದ ಪ್ರಕಾರ ಅದರ ವಿಕಿರಣದ ಗರಿಷ್ಠ ಭಾಗ 2.2 ಮೈಕ್ರೋಮೀಟರ್ ತರಂಗದೂರದ ಹತ್ತಿರ, ಅಂದರೆ ಕಣ್ಣಿಗೆ ಕಾಣದ ಅವಕೆಂಪು ವಲಯದಲ್ಲಿರುತ್ತದೆ. ಕಣ್ಣು ನೋಡುವುದು ಆ ವಕ್ರರೇಖೆಯ ಬಾಲವನ್ನು ಮಾತ್ರ. ಈ ಬಾಲ ತಾಪದೊಡನೆ ಬಹಳ ಕಡಿದಾಗಿ ಏರುತ್ತದೆ. 0.65 ಮೈಕ್ರೋಮೀಟರಿನ ಕೆಂಪು ಬೆಳಕನ್ನು ತೆಗೆದುಕೊಂಡು ಪ್ಲಾಂಕ್ ಸೂತ್ರ ಹಾಕಿದರೆ, ತಾಪ 167 ಡಿಗ್ರಿ ಏರಿದಾಗ ಉಕ್ಕಿನ ಕೆಂಪು ಹೊಳಪು ಸುಮಾರು 7 ಪಟ್ಟು ಹೆಚ್ಚುತ್ತದೆ. 7 ಪಟ್ಟು ಹೊಳಪಿನ ವ್ಯತ್ಯಾಸ ಕಾಣದೇ ಹೋಗುವುದೇ ಎಂದು ಯಾರಾದರೂ ಕೇಳಬಹುದು.

ಎರಡು ಕಾದ ತುಂಡುಗಳನ್ನು ಪಕ್ಕಪಕ್ಕ ಇಟ್ಟರೆ ಖಂಡಿತ ಕಾಣುತ್ತದೆ. ಆದರೆ ಬೆಳಗಿನ ತುಂಡನ್ನು ನೆನಪಿನಲ್ಲಿಟ್ಟುಕೊಂಡು ಮರುದಿನದ ತುಂಡನ್ನು ನೋಡುವಾಗ ಕಣ್ಣಿನ ಪಕ್ಕದಲ್ಲಿರುವುದು ಕೋಣೆಯ ಬೆಳಕು ಮಾತ್ರ. ಕಣ್ಣು ಹೊಳಪನ್ನು ಸುತ್ತಲಿನ ಬೆಳಕಿಗೆ ಹೋಲಿಸಿ ಗ್ರಹಿಸುತ್ತದೆ. ಕಿಟಕಿಯಿಂದ ಬರುವ ಬೆಳಕು ಮೋಡದ ದಿನಕ್ಕೂ ಬಿಸಿಲ ದಿನಕ್ಕೂ 10 ಪಟ್ಟು ಬದಲಾಗುವುದು ಸಾಮಾನ್ಯ. ಹಾಗಿರುವಾಗ ಬಿಸಿಲಿನಲ್ಲಿ ಅದೇ ಕೆಂಪು ಕಾಣಿಸಲು ಉಕ್ಕು 7 ಪಟ್ಟು ಹೊಳೆಯಬೇಕಾದೀತು. ಹ್ಯಾಚರ್ ವರದಿ ಮಾಡಿದ ಅಂಕಿ ನಂಬಲರ್ಹವೆಂದು ನಮ್ಮ ಲೆಕ್ಕವೂ ಹೇಳುತ್ತದೆ. ನಮ್ಮ ಊರುಗಳ ಕಮ್ಮಾರರು ಕುಲುಮೆಯನ್ನು ಅರೆಗತ್ತಲಲ್ಲಿ, ಮಾಡಿನ ಕೆಳಗೆ ಇಟ್ಟುಕೊಳ್ಳುವುದು ಇದೇ ಕಾರಣಕ್ಕೆ ಸರಿಯಾದ ಕ್ರಮ.

ಇಲ್ಲಿ ಪುಸ್ತಕದ ಒಂದು ತೀರ್ಮಾನವನ್ನು ತಿದ್ದಬೇಕು. 'ಕಣ್ಣಳತೆ ಕೆಟ್ಟದ್ದು, ಉಪಕರಣ ಒಳ್ಳೆಯದು' ಎಂಬ ಭಾವನೆ ಆ ಅಧ್ಯಾಯ ಓದಿದವರಲ್ಲಿ ಉಳಿಯುತ್ತದೆ. ಆದರೆ ಪ್ರಯೋಗಾಲಯಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಮಾಯವಾಗುವ ತಂತಿಯ ತಾಪಮಾಪಕದಲ್ಲೂ ಅಳೆಯುವುದು ಕಣ್ಣೇ. ಕಾದ ವಸ್ತುವಿನ ಎದುರಿಗೆ ಒಂದು ದೀಪದ ತಂತಿ ಇಟ್ಟು, ವಿದ್ಯುತ್ತನ್ನು ಹೊಂದಿಸಿ, ತಂತಿ ಹಿನ್ನೆಲೆಯಲ್ಲಿ ಕರಗಿ ಕಾಣದಂತಾದಾಗ ಎರಡರ ಹೊಳಪೂ ಸಮ ಎಂದು ತಿಳಿಯುತ್ತೇವೆ. ಹೊಳಪು ತಾಪದೊಡನೆ ಕಡಿದಾಗಿ ಏರುವುದರಿಂದಲೇ ಈ ಅಳತೆ ಅಷ್ಟು ನಿಖರ. ಸ್ಪ್ರಿಂಗ್‌ಫೀಲ್ಡಿನ ಕುಲುಮೆಯಲ್ಲಿ ಕಣ್ಣಿಗೆ ಕೊರತೆ ಇರಲಿಲ್ಲ. ಹೋಲಿಸಲು ಒಂದು ಸ್ಥಿರ ಮಾನಕ ಇರಲಿಲ್ಲ.

ಛೇದ ಗೊತ್ತಿಲ್ಲದ ಭಿನ್ನರಾಶಿ

ಎರಡನೆಯ ಆಕ್ಷೇಪ ಸಿಡಿದ ರೈಫಲುಗಳ ಪಟ್ಟಿಗೆ ಸಂಬಂಧಿಸಿದ್ದು. 1917ರಿಂದ 1929ರವರೆಗಿನ ಆ ಪಟ್ಟಿಯಲ್ಲಿ ಇರುವ ಘಟನೆಗಳು ನೂರಕ್ಕಿಂತ ಕಡಮೆ. ಗೆರೆಗಿಂತ ಕೆಳಗಿನ ಸಂಖ್ಯೆಗಳನ್ನು ಕೂಡಿದರೆ ಎರಡೂ ಕಾರ್ಖಾನೆಗಳಿಂದ ಸುಮಾರು 10,85,000 ರೈಫಲುಗಳಾಗುತ್ತವೆ. ಭಾಗಿಸಿದರೆ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಮೆ. ಈ ಭಾಗಾಕಾರ ಮಾಡಿದವರು ಅನೇಕರು 'ಅಪಾಯ ಅಷ್ಟೇನೂ ಇಲ್ಲ' ಎಂದು ನಿಟ್ಟುಸಿರು ಬಿಡುತ್ತಾರೆ.

ಆದರೆ ಇದು ಯಾವುದರ ಪ್ರಮಾಣ? ಗೋದಾಮಿನಲ್ಲಿ ಮಲಗಿದ್ದ ರೈಫಲೂ ದಿನವೂ ಹಾರಿಸಿದ ರೈಫಲೂ ಛೇದದಲ್ಲಿ ಒಂದೊಂದಾಗಿಯೇ ಎಣಿಕೆಯಾಗಿವೆ. ಬೇಕಾದದ್ದು ಹಾರಿಸಿದ ಗುಂಡುಗಳ ಸಂಖ್ಯೆ, ಅದು ಯಾರ ಬಳಿಯೂ ಇಲ್ಲ. ಅಂಶದಲ್ಲಿರುವುದು ಸೇನೆಗೆ ವರದಿಯಾದ ಘಟನೆಗಳು ಮಾತ್ರ. ನಾಗರಿಕರ ಕೈಗೆ ಹೋದ ಮೇಲೆ ಕಾಡಿನ ಮೂಲೆಯಲ್ಲಿ ಸಿಡಿದ ರೈಫಲನ್ನು ಯಾರು ಲೆಕ್ಕವಿಟ್ಟರು? ಮೇಲಾಗಿ, ಹೋಲಿಕೆಗೆ ಮತ್ತೊಂದು ಗುಂಪು ಬೇಕು. ಗೆರೆಯ ಮೇಲಿನ ರೈಫಲುಗಳನ್ನು ಅಷ್ಟೇ ಕಾಲ, ಅಷ್ಟೇ ಸಲ, ಅಂಥದೇ ತೋಟಾ ಹಾಕಿ ಹಾರಿಸಿದ್ದರೆ ಎಷ್ಟು ಸಿಡಿಯುತ್ತಿದ್ದವು ಎಂದು ತಿಳಿಯಬೇಕು. ಪಟ್ಟಿ ಅದನ್ನು ಹೇಳುವುದಿಲ್ಲ. ಹ್ಯಾಚರ್ ಅವರ ತೀರ್ಮಾನ ನಿಲ್ಲುವುದು ಪಟ್ಟಿಯ ಬಲದ ಮೇಲಲ್ಲ, ಬೇಕೆಂದೇ ಅಧಿಕ ಒತ್ತಡದ ತೋಟಾ ಹಾಕಿ ಹಳೆಯ ಮತ್ತು ಹೊಸ ರಿಸೀವರ್‌ಗಳನ್ನು ಹೋಲಿಸಿದ ಪರೀಕ್ಷೆಗಳ ಬಲದ ಮೇಲೆ. ಪುಸ್ತಕ ಇವೆರಡನ್ನೂ ಬೇರ್ಪಡಿಸಿ ಹೇಳಿದ್ದರೆ ಓದುಗರಿಗೆ ಉಪಕಾರವಾಗುತ್ತಿತ್ತು.

ಇನ್ನು 8,00,000 ಎಂಬ ಗೆರೆ. ರಾಕ್ ಐಲೆಂಡಿನ 2,85,507 ಒಂದು ದಾಖಲೆಯ ಅಂಕಿಯಂತೆ ಕಾಣುತ್ತದೆ. 8,00,000 ಹಾಗಲ್ಲ. ಯಾವ ಕಾರ್ಖಾನೆಯೂ ತನ್ನ ವಿಧಾನವನ್ನು ಸರಿಯಾಗಿ ಐದು ಸೊನ್ನೆಗಳ ಮೇಲೆ ಬದಲಿಸುವುದಿಲ್ಲ. ಇದು ಸುರಕ್ಷಿತ ಬದಿಗೆ ಒತ್ತಿ ಎಳೆದ ಆಡಳಿತದ ಗೆರೆ. ಗೆರೆಯ ಹತ್ತಿರದ ರಿಸೀವರ್‌ಗಳಲ್ಲಿ ಎರಡೂ ಬಗೆಯವು ಬೆರೆತಿರುವುದು ಸಹಜ. ಆದರೂ 7,99,900 ಎಂಬುದು ವಿಷ, 8,00,100 ಎಂಬುದು ಅಮೃತ ಎಂಬಂತೆ ಬೆಲೆ ಕಟ್ಟುವುದನ್ನು ಅಮೆರಿಕದ ಹಳೆ ರೈಫಲ್ ವ್ಯಾಪಾರದಲ್ಲಿ ಕಾಣಬಹುದು. ನೂರಕ್ಕೆ 35 ಅಂಕ ಪಡೆದವನು ಬಲ್ಲವ, 34 ಪಡೆದವನು ಅರಿಯದವ ಎಂದು ಯಾವ ಉಪಾಧ್ಯಾಯರೂ ನಂಬುವುದಿಲ್ಲವಷ್ಟೆ.

ಗಡಸು ಬೇರೆ, ತಾಳಿಕೆ ಬೇರೆ

ಮೂರನೆಯ ಮಾತು ವಿದ್ಯಾರ್ಥಿಗಳು ಮುಖ್ಯವಾಗಿ ಗಮನಿಸಬೇಕಾದದ್ದು. ಸಿಡಿದ ರಿಸೀವರ್‌ಗಳೆಲ್ಲವೂ ಕಾರ್ಖಾನೆಯಿಂದ ಹೊರಡುವ ಮುನ್ನ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದವು. ಸಾಮಾನ್ಯ ತೋಟಾ ಚದರ ಅಂಗುಲಕ್ಕೆ ಸುಮಾರು 50,000 ಪೌಂಡ್ ಒತ್ತಡ ಉಂಟುಮಾಡಿದರೆ ಪರೀಕ್ಷಾ ತೋಟಾ ಸುಮಾರು 70,000 ಪೌಂಡ್ ಉಂಟುಮಾಡುತ್ತದೆ. 50,000 ಪೌಂಡ್ ಎಂದರೆ ವಾಯುಮಂಡಲದ ಒತ್ತಡದ ಸುಮಾರು 3,400 ಪಟ್ಟು. ತೋಟಾದ ತಳದ ವಿಸ್ತೀರ್ಣ ಸುಮಾರು ಒಂದು ಚದರ ಸೆಂಟಿಮೀಟರ್. ಅಂದರೆ ಪ್ರತಿ ಸಲ ಹಾರಿಸಿದಾಗಲೂ ಸೆಕೆಂಡಿನ ಸಾವಿರದೊಂದು ಭಾಗದಷ್ಟು ಕಾಲ ಬೋಲ್ಟಿನ ಮೇಲೆ ಮೂರು ಟನ್ನಿಗೂ ಮೀರಿದ ಭಾರ ಬೀಳುತ್ತದೆ. ಅದಕ್ಕಿಂತ ಹೆಚ್ಚಿನದನ್ನೂ ತಡೆದುಕೊಂಡ ರಿಸೀವರ್ ಆಮೇಲೆ ಸಿಡಿದದ್ದೇಕೆ?

ಬಲ ತಡೆಯುವುದು ಒಂದು ಗುಣ, ಪೆಟ್ಟು ತಾಳುವುದು ಇನ್ನೊಂದು. ಗಾಜಿನ ಕಂಬಿಯನ್ನು ನಿಧಾನವಾಗಿ ಎಳೆದರೆ ಅದು ಗಣನೀಯ ಭಾರ ಹೊರುತ್ತದೆ, ಚಿಕ್ಕ ಸುತ್ತಿಗೆಯ ಪೆಟ್ಟಿಗೆ ಪುಡಿಯಾಗುತ್ತದೆ. ಅತಿಯಾಗಿ ಕಾದ ಉಕ್ಕಿನಲ್ಲಿ ಹರಳುಕಣಗಳು ದೊಡ್ಡದಾಗುತ್ತವೆ. ತೀರಾ ಹೆಚ್ಚು ಕಾದರೆ ಕಣಗಳ ಅಂಚುಗಳೇ ಉತ್ಕರ್ಷಣಗೊಂಡು ದುರ್ಬಲವಾಗುತ್ತವೆ. ಒಮ್ಮೆ ಬಿರುಕು ಹುಟ್ಟಿದರೆ ತಡೆಯಿಲ್ಲದೆ ಓಡುತ್ತದೆ. ಗಡಸುತನದ ಪರೀಕ್ಷೆ ಇದನ್ನು ತೋರಿಸದು. ಒಳ್ಳೆಯ ತೋಟಾ ಹಾಕಿ ಹಾರಿಸುವವರೆಗೆ ಅಂಥ ರಿಸೀವರ್‌ಗೆ ಏನೂ ಆಗುವುದಿಲ್ಲ. ಆದರೆ ಸ್ಪ್ರಿಂಗ್‌ಫೀಲ್ಡ್ ವಿನ್ಯಾಸದಲ್ಲಿ ನಳಿಗೆಯ ಹಿಂಬದಿ ಆಲಿಕೆಯಂತೆ ಅಗಲವಾಗಿದ್ದು, ತೋಟಾದ ತಳದ ಸ್ವಲ್ಪ ಭಾಗಕ್ಕೆ ಉಕ್ಕಿನ ಆಸರೆ ಇಲ್ಲ. ಹಿತ್ತಾಳೆ ಮೃದುವಾಗಿದ್ದರೆ ಅಲ್ಲಿ ಹರಿದು, ಬಿಸಿ ಅನಿಲ ಒಮ್ಮೆಲೇ ರಿಸೀವರ್‌ನ ಒಳಕ್ಕೆ ನುಗ್ಗುತ್ತದೆ. ಆಗ ಬೇಕಾಗುವುದು ಪೆಟ್ಟು ತಾಳುವ ಗುಣ. ಅದಿಲ್ಲದ ಉಕ್ಕು ಚೂರಾಗುತ್ತದೆ.

'ನಮ್ಮಜ್ಜ ಇದರಲ್ಲಿ ಸಾವಿರ ಗುಂಡು ಹಾರಿಸಿದ್ದಾರೆ, ಏನೂ ಆಗಿಲ್ಲ' ಎಂಬ ಸಾಮಾನ್ಯ ವಾದ ಬೀಳುವುದೂ ಇಲ್ಲಿಯೇ. ಆ ಸಾವಿರ ಸಲವೂ ನಡೆದದ್ದು ಒಂದೇ ಪರೀಕ್ಷೆ, ಅದು ಬಲದ ಪರೀಕ್ಷೆ. ತಾಳಿಕೆಯ ಪರೀಕ್ಷೆ ಒಂದು ಸಲವೂ ನಡೆದಿಲ್ಲ. ಆ ಪರೀಕ್ಷೆ ಮಾಡಬೇಕೆಂದರೆ ರಿಸೀವರ್ ಅನ್ನು ಕತ್ತರಿಸಬೇಕು ಅಥವಾ ಒಡೆಯಬೇಕು.

ಮಾರ್ಪಡಿಸಿದ ರೈಫಲಿಗೆ ಪುಸ್ತಕ ಸಾಲದು

ಕೊನೆಯ ಆಕ್ಷೇಪ ಪುಸ್ತಕದ ಮೇಲಲ್ಲ, ಅದನ್ನು ಬಳಸುವ ರೀತಿಯ ಮೇಲೆ. ಹ್ಯಾಚರ್ ಕೊಟ್ಟ ಸಂಖ್ಯೆಗಳು ಕಾರ್ಖಾನೆಯಿಂದ ಹೊರಬಿದ್ದ ರಿಸೀವರ್‌ಗೆ ಅನ್ವಯಿಸುತ್ತವೆ. ಬೇಟೆಗೆ ಒಗ್ಗಿಸಿದ ರೈಫಲಿನಲ್ಲಿ ರಿಸೀವರ್ ಒಂದು ಕಾಲದ್ದು, ನಳಿಗೆ ಇನ್ನೊಂದು ಕಾಲದ್ದು, ಬೋಲ್ಟ್ ಎಲ್ಲಿಯದೋ. ನಳಿಗೆಯ ಮೇಲೆ 1930ರ ದಶಕದ ವರ್ಷ ಇದ್ದರೆ ಅದು ನಳಿಗೆಯ ವಯಸ್ಸು, ರಿಸೀವರ್‌ನದಲ್ಲ. ರಿಸೀವರ್‌ನ ಸಂಖ್ಯೆ 9,00,000 ಇದ್ದು ಬೋಲ್ಟ್ 1917ಕ್ಕೆ ಹಿಂದಿನದಾಗಿದ್ದರೆ ಅಪಾಯ ಬೋಲ್ಟಿನಲ್ಲಿ ಉಳಿದಿರುತ್ತದೆ.

ಇದಕ್ಕಿಂತ ಮುಖ್ಯವಾದದ್ದು, ಮಾರ್ಪಾಡು ಎಂಬುದು ಸ್ವತಃ ಒಂದು ಉಷ್ಣೋಪಚಾರ ಆಗಿರಬಹುದು. ಬೋಲ್ಟಿನ ಹಿಡಿಯನ್ನು ಬಗ್ಗಿಸಲು ಬೆಂಕಿಯ ಜ್ವಾಲೆ ಹಿಡಿದವರು ಆ ಬಿಸಿ ಬೋಲ್ಟಿನ ಉಳಿದ ಭಾಗಕ್ಕೆ ಹರಿಯದಂತೆ ಎಚ್ಚರ ವಹಿಸಿದ್ದರೇ? ರಿಸೀವರ್‌ಗೆ ಬೆಸುಗೆ ಹಾಕಿದ್ದರೇ? ಹಾಗಿದ್ದರೆ ನಿಕಲ್ ಉಕ್ಕಿನ ಒಳ್ಳೆಯ ರಿಸೀವರ್ ಕೂಡ ಅಲ್ಲಿ ಮೆತ್ತಗಾಗಿರಬಹುದು. ಸಂಖ್ಯೆ ನೋಡಿದರೆ 'ಸುರಕ್ಷಿತ', ಲೋಹ ನೋಡಿದರೆ ಬೇರೆಯದೇ ಕಥೆ. ತದ್ವಿರುದ್ಧವಾದ ಉದಾಹರಣೆಯೂ ಇದೆ. ಫಿಲಡೆಲ್ಫಿಯಾದ ಸೆಡ್ಜ್ಲಿ ಸಂಸ್ಥೆ ಕೆಳ ಸಂಖ್ಯೆಯ ರಿಸೀವರ್‌ಗಳಿಗೆ ಮತ್ತೆ ಹದ ಕೊಟ್ಟು ಬೇಟೆ ರೈಫಲುಗಳನ್ನು ಮಾರಿತು. ಅಂಥವು ಒಳ್ಳೆಯವೇ? ಲೋಹಶಾಸ್ತ್ರದ ಉತ್ತರ ಷರತ್ತಿನದು. ದೊಡ್ಡದಾದ ಹರಳುಕಣಗಳನ್ನು ಸರಿಯಾಗಿ ಮತ್ತೆ ಕಾಯಿಸಿ ತಣಿಸುವುದರಿಂದ ಸಣ್ಣದಾಗಿಸಬಹುದು. ಆದರೆ ಕಣಗಳ ಅಂಚು ಉತ್ಕರ್ಷಣಗೊಂಡು ಸುಟ್ಟಿದ್ದರೆ ಯಾವ ಹದವೂ ಅದನ್ನು ಸರಿಪಡಿಸಲಾರದು. ಯಾವ ರಿಸೀವರ್ ಯಾವ ಸ್ಥಿತಿಯಲ್ಲಿತ್ತು ಎಂಬುದು ಸಂಖ್ಯೆಯಿಂದ ತಿಳಿಯುವುದಿಲ್ಲ.

ಹಾಗಾದರೆ ಮೂಲ ಪತ್ತೆಯಿಂದ ಪ್ರಯೋಜನವೇನು? ಇದೆ. ಪ್ರತಿ ಭಾಗದ ಮೂಲವನ್ನೂ ಪ್ರತ್ಯೇಕವಾಗಿ ಗುರುತಿಸಿ, ಯಾವುದು ನೇರ ಸಾಕ್ಷ್ಯ (ಅಚ್ಚು, ಅಳತೆ), ಯಾವುದು ಊಹೆ (ಹಿಡಿಯ ಆಕಾರ, ಮನೆಯವರ ಹೇಳಿಕೆ) ಎಂದು ಬರೆದಿಟ್ಟುಕೊಂಡರೆ ಯಾವ ಕಡೆ ಅಪಾಯ ಹೆಚ್ಚು ಎಂದು ಹೇಳಬಹುದು. ಆದರೆ ಆ ಸಾಕ್ಷ್ಯ 'ಹಾರಿಸಬೇಡ' ಎನ್ನಲು ಸಾಕಾಗುವಷ್ಟು ಸುಲಭವಾಗಿ 'ಹಾರಿಸು' ಎನ್ನಲು ಸಾಕಾಗದು. ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಮೆ ಎಂಬ ಅನುಮಾನಾಸ್ಪದ ಭಾಗಲಬ್ಧ ಒಂದು ಕಡೆ, ಒಂದು ಕಣ್ಣು ಇನ್ನೊಂದು ಕಡೆ. ಗೆರೆಗಿಂತ ಕೆಳಗಿನ ರೈಫಲನ್ನು ಗೋಡೆಯ ಮೇಲೆ ಬಿಡುವುದೇ ವಿವೇಕ. ಹ್ಯಾಚರ್ ಅವರ ಸಲಹೆಯೂ ಇದೇ ಆಗಿತ್ತು. ಗೆರೆಗಿಂತ ಮೇಲಿದ್ದರೂ ಮಾರ್ಪಾಡಿನ ಚರಿತ್ರೆ ಗೊತ್ತಿಲ್ಲದಿದ್ದರೆ ಬಲ್ಲ ಕುಶಲಿ ಬಿಚ್ಚಿ ನೋಡದೆ ಹಾರಿಸಬಾರದು. ಈ ಎರಡನೆಯ ಮಾತನ್ನು ಪುಸ್ತಕ ಒತ್ತಿ ಹೇಳುವುದಿಲ್ಲ, ಅದರ ಓದುಗರಂತೂ ಹೇಳುವುದೇ ಇಲ್ಲ.

ತರಗತಿಗೆ ಒಂದು ಪ್ರಯೋಗ

ಕುಲುಮೆಯ ಬಿಸಿಲು–ಮೋಡದ ಪರಿಣಾಮವನ್ನು ಪ್ರೌಢಶಾಲೆಯ ಪ್ರಯೋಗಾಲಯದಲ್ಲೇ ತೋರಿಸಬಹುದು. ತಂತಿಯಿರುವ ಹಳೆಯ ಬಗೆಯ ಒಂದು ಟಾರ್ಚ್ ಬಲ್ಬು, ಎರಡು ಶುಷ್ಕಕೋಶ, ಒಂದು ರಿಯೋಸ್ಟಾಟ್, ವೋಲ್ಟ್‌ಮೀಟರ್ ಮತ್ತು ಅಮ್ಮೀಟರ್ ಸಾಕು. ಕತ್ತಲು ಮಾಡಿದ ಕೋಣೆಯಲ್ಲಿ ಒಬ್ಬ ವಿದ್ಯಾರ್ಥಿ ಮೀಟರುಗಳನ್ನು ನೋಡದೆ, ತಂತಿ 'ಕಡುಕೆಂಪು' ಆಗುವವರೆಗೆ ರಿಯೋಸ್ಟಾಟ್ ಸರಿಸಲಿ. ಇನ್ನೊಬ್ಬರು ಅಳತೆ ಬರೆದುಕೊಳ್ಳಲಿ. ಕಿಟಕಿ ತೆರೆದು, ಬಿಸಿಲಿನ ಬೆಳಕಿನಲ್ಲಿ ಅದೇ ವಿದ್ಯಾರ್ಥಿ ಅದೇ ಕಡುಕೆಂಪನ್ನು ಮತ್ತೆ ಹೊಂದಿಸಲಿ. ವೋಲ್ಟೇಜನ್ನು ವಿದ್ಯುತ್ ಪ್ರವಾಹದಿಂದ ಭಾಗಿಸಿದರೆ ತಂತಿಯ ರೋಧ ಸಿಗುತ್ತದೆ. ತಾಪ ಏರಿದಂತೆ ಟಂಗ್‌ಸ್ಟನ್ ತಂತಿಯ ರೋಧವೂ ಏರುವುದರಿಂದ ಎರಡು ದಿನಗಳ 'ಒಂದೇ ಕೆಂಪು' ಒಂದೇ ತಾಪವಲ್ಲ ಎಂದು ಅಂಕಿಗಳೇ ತೋರಿಸುತ್ತವೆ. ತರಗತಿಯ ಹತ್ತು ಮಂದಿ ಮಾಡಿದರೆ ಅಂಕಿಗಳು ಎಷ್ಟು ಚದುರುತ್ತವೆ ಎಂಬುದೂ ತಿಳಿಯುತ್ತದೆ. ನಂತರ ಪಕ್ಕದಲ್ಲಿ ಸ್ಥಿರವಾಗಿ ಉರಿಯುವ ಇನ್ನೊಂದು ಬಲ್ಬನ್ನಿಟ್ಟು ಅದಕ್ಕೆ ಹೋಲಿಸಿ ಹೊಂದಿಸಲು ಹೇಳಿ. ಚದುರುವಿಕೆ ಎಷ್ಟು ಇಳಿಯಿತು ಎಂಬುದನ್ನು ವಿದ್ಯಾರ್ಥಿಗಳೇ ಲೆಕ್ಕ ಹಾಕಲಿ.